ಸೀತಾಫಲದ ಬುಟ್ಟಿಯ ಮೇಲೆ ಕೆಂಪು ದೀಪ

ಸ್ನೇಹಿತರಿಗೆಲ್ಲ ನಮಸ್ಕಾರ. ನಮ್ಮ ವಿದ್ಯಾರ್ಥಿಗಳಿಗೆ ಸೆನ್ಸರ್‌ಗಳನ್ನು ಕೊಡಿಸಿದ ಹಿರಿಯರಿಗೆ ಕೃತಜ್ಞತೆಗಳು.

ಇಂದು ಬೆಳಿಗ್ಗೆ ದೇವದುರ್ಗದ ಸಂತೆಯಲ್ಲಿ ನನ್ನ ವಿದ್ಯಾರ್ಥಿನಿ ರೇಣುಕಾ, ಆ ಸೆನ್ಸರ್‌ಗಳಿಂದ ತಾನು ಕಟ್ಟಿದ ಯಂತ್ರವನ್ನು ಹಣ್ಣು ಮಾರುವ ಹನುಮವ್ವನವರ ಸೀತಾಫಲದ ಬುಟ್ಟಿಯ ಮೇಲೆ ಹಿಡಿದಳು. ಬಣ್ಣ, ವಾಸನೆಗಳನ್ನು ಅಳೆದು, ಹಿಂದೆ ಕಲಿತ ನೂರಾರು ಹಣ್ಣುಗಳೊಂದಿಗೆ ಹೋಲಿಸಿ, ಹಣ್ಣಾದರೆ ಹಸಿರು, ಕಾಯಾದರೆ ಕೆಂಪು ದೀಪ ಹೊತ್ತಿಸುವ ಯಂತ್ರವದು. ಕೆಂಪು ಹೊತ್ತಿತು. ಚೀಲ ತುಂಬಿಸುತ್ತಿದ್ದ ಗಿರಾಕಿಯೊಬ್ಬರು ಹಣ್ಣುಗಳನ್ನೆಲ್ಲ ಬುಟ್ಟಿಗೆ ಮರಳಿಸಿದರು.

"ಯಾಕವ್ವಾ, ನನ್ನ ಯಾಪಾರ ಕೆಡಸಾಕ ಬಂದೀ ಏನು?" ಎಂದರು ಹನುಮವ್ವ. ರೇಣುಕಾಳ ಮುಖ ಬಾಡಿತು.

ಹನುಮವ್ವ ಗಿರಾಕಿಯನ್ನು ಕೇಳಿದರು: "ಯಪ್ಪಾ, ಯಾವಾಗ ತಿಂತೀರಿ?"

"ನಾಳಿ, ಮಾನ್ವಿಯಾಗ. ಮಗಳ ಮನೀಗೆ ಒಯ್ಯಾಕತ್ತೀನಿ."

"ಮತ್ತ ಇವ ಬರೋಬ್ಬರಿ ಅದಾವ. ಇವತ್ತ ಹಣ್ಣಾಗಿದ್ದು ಒಯ್ದ್ರ ಬಸ್ಸಿನಾಗ ಚೀಲೆಲ್ಲ ರಾಡಿ ಆಗತದ." ಉಬ್ಬುಗಳ ನಡುವೆ ಆಗಷ್ಟೇ ಮೂಡಿದ್ದ, ಇನ್ನೊಂದು ದಿನಕ್ಕೆ ಹಣ್ಣಾಗುವ ಗುರುತಾದ ಬಿಳಿಗೆರೆಯನ್ನು ಅವರು ಬೆರಳಿಟ್ಟು ತೋರಿಸಿದರು. ಗಿರಾಕಿ ಮತ್ತೆ ಚೀಲ ತುಂಬಿಸಿಕೊಂಡರು.

"ಸರ್, ಯಾವಾಗ ತಿಂತೀರಿ ಅಂತ ಕೇಳೋದು ನಾವು ಇದಕ್ಕ ಕಲಿಸೇ ಇಲ್ಲ" ಎಂದಳು ರೇಣುಕಾ.

ಹನುಮವ್ವ ಪಕ್ಕದಲ್ಲಿ ಗೋಣಿಚೀಲ ಹಾಸಿದರು. "ಕುಂದ್ರು ಬಾ. ಇವು ಇವತ್ತಿನವು, ಇವು ನಾಳಿನವು, ಇವು ನಾಡದ್ದಿನವು. ಬರ್ಕೋ."

ಎರಡು ದೀಪ ಸಾಕೆಂದು ಅವಳಿಗೆ ಹೇಳಿಕೊಟ್ಟ ಮಹಾನುಭಾವ ನಾನೇ. ಮಕ್ಕಳೇ, ಮುಂದಿನ ಸಂತೆಗೆ ನೋಟುಪುಸ್ತಕದೊಂದಿಗೆ ಬನ್ನಿ. ಹನುಮವ್ವನವರ ಬುಟ್ಟಿಯ ಪಕ್ಕದಲ್ಲಿ ಕುಳಿತು ಮೊದಲಿನಿಂದ ಆರಂಭಿಸೋಣ.