ಚಿಂಚೋಳಿಯಿಂದ ಸಿಕ್ಕ ಲೋಡು

ನಮ್ಮಪ್ಪನ ಲಾರಿ ಸೇಡಂ ಸ್ಟೇಷನ್ನಿನಿಂದ ಚಿಂಚೋಳಿಗೆ ಕಿರಾಣಿ ಹೊತ್ತು ಹೋಗುತ್ತಿತ್ತು, ಬರುವಾಗ ಖಾಲಿ ಬರುತ್ತಿತ್ತು. ಹೋಗುವಾಗ ಸಿಕ್ಕ ಬಾಡಿಗೆಯನ್ನು ಬರುವ ದಾರಿಯ ಪೆಟ್ರೋಲೇ ನುಂಗಿಬಿಡುತ್ತಿತ್ತು. ಹೀಗೇ ನಡೆದರೆ ಲಾರಿ ಮಾರಬೇಕಾದೀತೆಂದು ಅಪ್ಪನಿಗೆ ಗೊತ್ತಿತ್ತು. ಊಟಕ್ಕೆ ಕುಳಿತರೂ ಅದೇ ಮಾತು. ಅವ್ವನಂತೂ ಲಾರಿಯನ್ನು ಸವತಿ ಎಂದೇ ಕರೆಯುತ್ತಿದ್ದಳು.

ಚಿಂಚೋಳಿಯಲ್ಲಿ ಮಾಲಿಗೇನೂ ಬರವಿರಲಿಲ್ಲ. ಹುಣಸೆಹಣ್ಣಿತ್ತು, ತೊಗರಿಯಿತ್ತು. ಆದರೆ ನಮ್ಮ ಲಾರಿ ಯಾವತ್ತು ಬರುತ್ತದೆಂದು ಹೇಳುವ ಹಾಗಿರಲಿಲ್ಲ. ಸಕ್ಕರೆ ತುಂಬಿದ ರೈಲಿನ ಡಬ್ಬಿಯನ್ನು ರೈಲ್ವೆಯವರು ವಾಡಿ ಜಂಕ್ಷನ್ನಿನಲ್ಲಿ ನಿಲ್ಲಿಸಿಕೊಂಡರೆ, ಅವರು ಬಿಟ್ಟಾಗಲೇ ಸೇಡಂಗೆ ಬಂತು. ಅಪ್ಪ ಸೋಮವಾರವೆಂದು ಮಾತು ಕೊಟ್ಟು ಗುರುವಾರ ಮುಟ್ಟುತ್ತಿದ್ದ. ಅಷ್ಟರಲ್ಲಿ ಎತ್ತಿನ ಬಂಡಿಯವರು ಮಾಲು ಹೇರಿಕೊಂಡು ಹೋಗಿರುತ್ತಿದ್ದರು. ಅಲ್ಲೇ ಉಳಿದು ಕಾದು ನೋಡಿದ, ದಾರಿಯ ಊರೂರಲ್ಲೂ ನಿಂತು ಕೇಳಿದ. ಅವನಿಗಾಗಿ ಯಾರು ಮಾಲು ಹಿಡಿದಿಡುತ್ತಾರೆ? ನಾನಾದರೂ ಇಡುತ್ತಿರಲಿಲ್ಲ.

ಕೊನೆಗೊಮ್ಮೆ ಲೋಡು ಸಿಕ್ಕಿತು. ಅಪ್ಪನ ಲಾರಿಯಲ್ಲಿ ಎಲ್ಲರಿಗಿಂತ ಹೆಚ್ಚು ಮಾಲು ತರಿಸುತ್ತಿದ್ದ ಚಿಂಚೋಳಿಯ ಸಾವಕಾರರ ತಂದೆ ತೀರಿಕೊಂಡಿದ್ದರು. ಅವರನ್ನು ಸೇಡಂನ ಸ್ವಂತ ಹೊಲದಲ್ಲಿ, ಹೆಂಡತಿಯ ಪಕ್ಕದಲ್ಲೇ ಮಣ್ಣು ಮಾಡಬೇಕಿತ್ತು. ನಮ್ಮ ಲಿಂಗಾಯತರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡ್ರಿಸುತ್ತಾರೆ. ಹಣೆ ತುಂಬ ವಿಭೂತಿ ಹಚ್ಚಿಕೊಂಡು ಅಜ್ಜ ಲಾರಿಯಲ್ಲಿ ಕುಳಿತು ಬಂದರು, ಸುತ್ತಲೂ ಬೀಗರು, ಭಜನೆಯವರು. ಅಪ್ಪ ಬಾಡಿಗೆ ಕೇಳಲಿಲ್ಲ. ಆ ದಾರಿಯಲ್ಲಿ ನಮ್ಮ ಲಾರಿ ತುಂಬಿ ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ನಗು ಬಂತು. ಅವ್ವ ಬೆನ್ನಿಗೊಂದು ಗುದ್ದಿದಳು.

ಮುಂದಿನ ಡಬ್ಬಿ ಬಂದಾಗ ಸಾವಕಾರರ ಮಾಲು ಬಂಡಿ ಏರಿತು. ಅವರನ್ನು ನೋಡಿ ಉಳಿದ ಅಂಗಡಿಯವರೂ ಬಂಡಿ ಹಿಡಿದರು. ಅಪ್ಪ ಲಾರಿ ತೊಳೆಸಿದ, ಅಯ್ಯನವರನ್ನು ಕರೆಸಿ ಪೂಜೆ ಮಾಡಿಸಿದ. ಏನೂ ಆಗಲಿಲ್ಲ. ಒಂದು ದಿನ ಸಾವಕಾರರು ತಾವೇ ಬಂದು ನಮ್ಮ ಪಡಸಾಲೆಯಲ್ಲಿ ಕುಳಿತರು.

“ನಮಗ ಸೂತಕ ಇಲ್ಲರಿ, ನಿಮಗೂ ಗೊತ್ತದ. ಆದ್ರ ಗಿರಾಕಿ ಕೇಳ್ತಾರ, ಹೆಣ ತಂದ ಗಾಡ್ಯಾಗ ಸಕ್ರಿ ತಂದೀರೇನಂತ. ನಾ ಏನ್ ಹೇಳ್ಲಿ?”

ನನಗೆ ಮೈಯೆಲ್ಲ ಉರಿಯಿತು. ಆ ಹೆಣ ನಿಮ್ಮಪ್ಪನದೇ ಅಲ್ಲವೇನು ಎಂದು ಕೇಳಬೇಕೆನಿಸಿತು. ಅಪ್ಪ ಚಹಾದ ಬಸಿಯನ್ನು ಅವರ ಮುಂದೆ ಸರಿಸಿದ.

“ಖರೆ ಅದ ಬಿಡ್ರಿ, ಸಾವಕಾರ್ರ,” ಎಂದ.

ಲಾರಿಯನ್ನು ಶಹಾಬಾದದ ಕಲ್ಲಿನ ಗಣಿಯವರು ಕೊಂಡರು. ಆಮೇಲೆ ಅಪ್ಪ ಅದೇ ಸ್ಟೇಷನ್ನಿನಲ್ಲಿ ನಿಂತು ಸಾವಕಾರರ ಸಕ್ಕರೆ ಚೀಲಗಳನ್ನು ಬಂಡಿಗೆ ಹೇರಿಸುತ್ತಿದ್ದ. ಪಾಪ ಎಂದು ಅವರೇ ಆ ಕೆಲಸ ಕೊಟ್ಟಿದ್ದರು.