ಅಣ್ಣ ಆರಿಸಿದ ಗೋಲ್‌ಕೀಪರ್

ಸಂಡೂರಿನ ಗಣಿ ತಂಡದಲ್ಲಿ ಫುಟ್‌ಬಾಲ್ ಆಡುತ್ತಿದ್ದ ಅಣ್ಣನಿಗೆ ಮೊಣಕಾಲು ಹೋದ ಮೇಲೆ, ಆಟಗಾರರನ್ನು ಆರಿಸುವ ಕೆಲಸವನ್ನು ಮಾಲೀಕರು ಕೊಟ್ಟರು. ನಾನು ಅಲ್ಲೇ ಅದಿರಿನ ಲಾರಿ ಓಡಿಸುತ್ತಿದ್ದೆ. ಲಾರಿಗಳಿಗೆ ಲೋಡಿಂಗ್ ಸರದಿ ಕೊಡುವ ಸೂಪರ್‌ವೈಸರ್ ತನ್ನ ಅಳಿಯನನ್ನು ಗೋಲ್‌ಕೀಪರ್ ಮಾಡಿಸೆಂದು ನನ್ನ ಬೆನ್ನು ಹತ್ತಿದ; ಅಲ್ಲಿಯವರೆಗೆ ನನ್ನ ಲಾರಿಗೆ ಸರದಿ ಕೊಡಲಿಲ್ಲ. ನಾನು ಅಣ್ಣನನ್ನು ಕಾಡಿದೆ.

“ಅಂವ ಊಟದ ತಾಟು ಬಿಟ್ಟು ಮತ್ತೇನೂ ಹಿಡದವನಲ್ಲಲೇ,” ಎಂದ ಅಣ್ಣ.

“ಲಾರಿ ನಿಂತಲ್ಲೇ ನಿಂತೈತಿ ಅಣ್ಣಾ. ಇದೊಂದು ಸಲ.”

ಅಣ್ಣ ಒಪ್ಪಿದ. ಹೊಸಪೇಟೆಯ ಪಂದ್ಯದಲ್ಲಿ ತಂಡ ಕೆಟ್ಟದಾಗಿ ಸೋತಿತು. ಯಾರ ಮಾತು ಕೇಳಿ ಇವನನ್ನು ತಗೊಂಡೆ ಎಂದು ಮಾಲೀಕರು ನನ್ನೆದುರೇ ಅಣ್ಣನನ್ನು ಕೇಳಿದರು.

“ನಂದೇ ತಪ್ಪು ಆತ್ರಿ,” ಎಂದ.

ನಾನು ಬಾಯಿ ಬಿಟ್ಟಿದ್ದರೆ ಲಾರಿಯ ಸರದಿ ಹೋಗುತ್ತಿತ್ತು. ಅಣ್ಣನ ಕೆಲಸ ಹೋಯಿತು. ಈಗ ನಿಜ ಹೇಳೋಣವೆಂದರೆ ಆ ಮಾಲೀಕರೂ ಇಲ್ಲ, ತಂಡವೂ ಇಲ್ಲ.