ಎರಡು ವರ್ಷ ಚಿಕ್ಕವನಾದ ದೊಡ್ಡಪ್ಪ

ನನ್ನ ಷಡ್ಡಕ ಗಡಿಯಾರ ರಿಪೇರಿಯವನು. ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ಚಿಕ್ಕವನು. ಆದರೆ ಕಟ್ಟಿಕೊಂಡಿದ್ದು ನನ್ನ ಹೆಂಡತಿಯ ಅಕ್ಕನನ್ನು. ಅದೊಂದೇ ಕಾರಣಕ್ಕೆ ನನ್ನ ಮಗಳ ಬಾಯಲ್ಲಿ ಅವನು ದೊಡ್ಡಪ್ಪ. ಅವಳು ಹಾಗೆ ಕರೆದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಅವನು ದೊಡ್ಡ ಅಪ್ಪನಾದರೆ ನಾನೇನು, ಪುಟಾಣಿ ಅಪ್ಪನಾ?

ಅವನ ಅಂಗಡಿ ನನ್ನ ಗ್ಯಾರೇಜಿನ ಎದುರು ಸಾಲಿನಲ್ಲಿದೆ. ಒಂದು ಮೇಜು, ಎರಡು ಕುರ್ಚಿ, ಗೋಡೆ ತುಂಬ ಗಡಿಯಾರ. ಒಂದು ಹೇಳುವ ಹೊತ್ತನ್ನು ಇನ್ನೊಂದು ಒಪ್ಪುವುದಿಲ್ಲ. ಅವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಚಿಮುಟದಲ್ಲಿ ಸಾಸಿವೆಗಿಂತ ಸಣ್ಣ ಸ್ಕ್ರೂ ಹಿಡಿದು ಕೂತನೆಂದರೆ ಮುಂದೆ ನಿಂತವರೂ ಉಸಿರು ಬಿಗಿ ಹಿಡಿಯಬೇಕು. ಅಂಗಿಯ ಮೇಲೆ ಒಂದು ಕಲೆ ಇರುವುದಿಲ್ಲ. ಸಿಟ್ಟು ಮಾಡಿದ್ದನ್ನು ಯಾರೂ ಕಂಡಿಲ್ಲ. ನಾನು ಹತ್ತು ಮಾತು ಬೈದರೂ "ಆಮೇಲೆ?" ಅನ್ನುತ್ತಾನೆ. ಇಂಥವನ ಜೊತೆ ಜಗಳ ಆಡುವುದಾದರೂ ಹೇಗೆ? ನನ್ನ ಓದು ಆರನೇ ಕ್ಲಾಸಿಗೆ ನಿಂತಿತು, ಅವನದು ಏಳಕ್ಕೆ. ಅಲ್ಲೂ ಒಂದು ಮೆಟ್ಟಿಲು ಮೇಲೆ.

ಮಗಳು ಬಿ.ಎಸ್ಸಿ. ಮುಗಿಸಿ ಎಂ.ಎಸ್ಸಿ. ಸೀಟಿಗೆ ಪ್ರವೇಶ ಪರೀಕ್ಷೆ ಬರೆದಳು. ನೂರಕ್ಕೆ ನಲವತ್ತೊಂದು ಬಂತು. ಅರವತ್ತಾದರೂ ಬೇಕಿತ್ತು. ಇನ್ನು ಒಂದೇ ಒಂದು ಸಲ ಬರೆಯಬಹುದು, ಅದಕ್ಕೆ ಮೂರು ತಿಂಗಳಿತ್ತು. ಅವತ್ತಿನಿಂದ ಸಂಜೆ ಐದಾದರೆ ಸಾಕು, ಹಳೆ ಪ್ರಶ್ನೆಪತ್ರಿಕೆ ಕಂಕುಳಲ್ಲಿ ಇಟ್ಟುಕೊಂಡು, ನನ್ನ ಮೂಗಿನ ಮುಂದೆಯೇ ಹಾದು, ಅವನ ಅಂಗಡಿಗೆ ಹೋಗತೊಡಗಿದಳು.

"ಅವನಿಗೇನು ಫಿಸಿಕ್ಸು ಬರುತ್ತೇನೇ?" ಎಂದು ಹೆಂಡತಿಯನ್ನು ಕೇಳಿದೆ.

"ಭಾವ ಏನೂ ಹೇಳಿಕೊಡಲ್ಲವಂತೆ. ಸುಮ್ಮನೆ ಕೂತು ಟೈಮ್ ನೋಡ್ತಾರಂತೆ."

"ಟೈಮ್ ನೋಡೋಕೆ ನನ್ನ ಹತ್ತಿರ ವಾಚ್ ಇಲ್ಲವಾ?"

"ವಾಚ್ ಇದೆ. ಸುಮ್ಮನೆ ಕೂರೋ ಬಾಯಿ ಇಲ್ಲ."

ಮೂರು ವಾರ ತಡೆದುಕೊಂಡೆ. ಕೈಯಲ್ಲಿ ಸ್ಪ್ಯಾನರ್, ಕಣ್ಣು ಎದುರು ಅಂಗಡಿಯಲ್ಲಿ. ಅಲ್ಲಿ ಅವಳು ನಗುತ್ತಿದ್ದಳು. ರಿಸಲ್ಟ್ ಬಂದ ಮೇಲೆ ಮನೆಯಲ್ಲಿ ಒಂದು ದಿನವೂ ನಕ್ಕಿರಲಿಲ್ಲ. ಒಂದು ಸಂಜೆ ಅವಳು ಮನೆಗೆ ಹೋದದ್ದೇ ತಡ, ರಸ್ತೆ ದಾಟಿ ನುಗ್ಗಿದೆ.

"ನನ್ನ ಮಗಳನ್ನ ಏನು ಮಾಡಬೇಕು ಅಂತಿದ್ದೀಯ? ನಾನೇನು ಸತ್ತಿದ್ದೀನಾ?"

"ಸತ್ತವರು ಇಷ್ಟು ಕೂಗಲ್ಲ. ಕೂತ್ಕೋ," ಎಂದು ಅವಳು ಬರೆದಿದ್ದ ಪತ್ರಿಕೆಯನ್ನು ನನ್ನ ಮುಂದೆ ತಳ್ಳಿದ. ಪ್ರತಿ ಪ್ರಶ್ನೆಯ ಪಕ್ಕ ಪೆನ್ಸಿಲಿನಲ್ಲಿ ಅವಳಿಗೆ ಹಿಡಿದ ನಿಮಿಷ ಬರೆದಿಟ್ಟಿದ್ದ. ಒಂದು, ಒಂದು, ಅರ್ಧ, ಹದಿನಾಲ್ಕು.

"ನೋಡು, ಈ ಒಂದು ಪ್ರಶ್ನೆ ಜೊತೆ ಹದಿನಾಲ್ಕು ನಿಮಿಷ ಗುದ್ದಾಡಿದ್ದಾಳೆ. ಇಲ್ಲಿ ಹನ್ನೊಂದು. ಕೊನೇ ಮೂವತ್ತು ಮುಟ್ಟೇ ಇಲ್ಲ. ಅದರಲ್ಲಿ ಇಪ್ಪತ್ತು ಅವಳಿಗೆ ಬರೋವೇ. ಬರದೇ ಇದ್ದರೆ ಬಿಟ್ಟು ಮುಂದೆ ಹೋಗಮ್ಮ ಅಂತ ದಿನಾ ಹೇಳ್ತೀನಿ. ತಲೆ ಆಡಿಸ್ತಾಳೆ. ಕೈ ಬಿಡಲ್ಲ."

"ಯಾಕಂತೆ?"

ಭೂತಗನ್ನಡಿ ತೆಗೆದು ನನ್ನ ಮುಖ ನೋಡಿದ. "'ಹಿಡಿದ ಬೋಲ್ಟು ಬಿಚ್ಚೋವರೆಗೂ ಬಿಡಬಾರದು ಅಂತ ಅಪ್ಪ ಹೇಳಿದ್ದಾರೆ' ಅಂತಾಳೆ. ಅದರ ಮುಂದೆ ನನ್ನ ಮಾತು ಎಲ್ಲಿ ನಡೆಯುತ್ತೆ?"

ಒಂದು ಗಳಿಗೆ ಎದೆ ಉಬ್ಬಿತು, ಸುಳ್ಳು ಹೇಳುವುದಿಲ್ಲ. ಮರುಗಳಿಗೆ ಆ ಹದಿನಾಲ್ಕು ಮತ್ತೆ ಕಣ್ಣಿಗೆ ಬಿತ್ತು. ಅವಳಿಗೆ ಎಂಟು ವರ್ಷವಿದ್ದಾಗ ಗ್ಯಾರೇಜಿನಲ್ಲಿ ಜಂಬಕ್ಕೆ ಆಡಿದ ಮಾತು ಅದು. ನಾನೇ ಹಾಗೆ ಮಾಡುವುದಿಲ್ಲ. ತುಕ್ಕು ಹಿಡಿದ ಬೋಲ್ಟಿನ ಜೊತೆ ಹಟಕ್ಕೆ ಬಿದ್ದರೆ ಅದರ ತಲೆ ಮುರಿದು ಹೋಗುತ್ತದೆ.

ಭಾನುವಾರ ಅವಳನ್ನು ಗ್ಯಾರೇಜಿಗೆ ಕರೆದು, ಹಳೆ ಗೇರ್‌ಬಾಕ್ಸಿನ ಮುಚ್ಚಳ ಬಿಚ್ಚು ಎಂದೆ. ಹತ್ತು ಬೋಲ್ಟು. ಎರಡನೆಯದೇ ಕಚ್ಚಿಕೊಂಡಿತ್ತು. ಹಲ್ಲು ಕಚ್ಚಿ ಅದಕ್ಕೆ ಜೋತು ಬಿದ್ದಳು, ಮುಖ ಕೆಂಪಾಯಿತು.

"ಬಿಡು ಅದನ್ನ," ಎಂದೆ.

"ಹಾಂ?"

"ಬಿಡು ಅಂದೆ. ಎರಡು ಹನಿ ಸೀಮೆಎಣ್ಣೆ ಬಿಟ್ಟು ಮುಂದಿನದಕ್ಕೆ ಹೋಗು."

"ಅಪ್ಪಾ, ಜ್ವರ ಗಿರ ಬಂದಿದೆಯಾ?"

"ಹೋಗೇ ಅಂದರೆ!"

ಉಳಿದ ಎಂಟು ಸಲೀಸಾಗಿ ಬಂದವು. ತಿರುಗಿ ಬಂದು ಕೈ ಹಾಕಿದರೆ ಕಚ್ಚಿಕೊಂಡದ್ದು ಕಿರ್ರೆಂದು ಅಲುಗಿತು. ಅವಳು ಸ್ಪ್ಯಾನರ್ ಹಿಡಿದುಕೊಂಡೇ ನನ್ನನ್ನು ನೋಡಿದಳು. "ಅವತ್ತು ನಾನು ಹೇಳಿದ್ದು ತಪ್ಪು," ಎಂದೆ. ಈ ಮಾತನ್ನು ಹೆಂಡತಿಗೂ ಯಾವತ್ತೂ ಹೇಳಿದವನಲ್ಲ.

ಆಮೇಲೂ ಅವಳು ಎದುರು ಅಂಗಡಿಗೆ ಹೋಗುವುದನ್ನು ನಿಲ್ಲಿಸಲಿಲ್ಲ. ನನ್ನ ಉರಿಯೂ ನಿಲ್ಲಲಿಲ್ಲ. ಅವನು ಬರೆದಿಡುವ ನಿಮಿಷಗಳು ಮಾತ್ರ ವಾರ ವಾರವೂ ಇಳಿದವು.

ಪರೀಕ್ಷೆ ಮುಗಿದು ರಿಸಲ್ಟ್ ಬಂದ ಮಧ್ಯಾಹ್ನ ಅವಳು ಗ್ಯಾರೇಜಿಗೇ ಓಡಿ ಬಂದಳು. ಅರವತ್ತೇಳು! "ದೊಡ್ಡಪ್ಪಂಗೆ ಹೇಳಿ ಬರ್ತೀನಿ" ಎಂದು ಚಪ್ಪಲಿ ಸರಿಮಾಡಿಕೊಳ್ಳುವಷ್ಟರಲ್ಲಿ ನಾನು ರಸ್ತೆಯ ಆ ಕಡೆ ಇದ್ದೆ. ಅವನಿಗೆ ಈ ಸುದ್ದಿ ನನ್ನ ಬಾಯಿಂದಲೇ ಹೋಗಬೇಕು.

"ಅರವತ್ತೇಳು ಕಣೋ! ನನ್ನ ಮಗಳು!"

ಅವನ ಮುಖ ಅರಳಿತು. ಚಿಮುಟ ಕೆಳಗಿಟ್ಟು ಕೇಳಿದ, "ಎಷ್ಟು ಪ್ರಶ್ನೆ ಬಿಟ್ಟಳಂತೆ?"

ಥತ್! ಅದನ್ನು ಕೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ. ತಿರುಗಿ ರಸ್ತೆಗೆ ಕೂಗಿದೆ, "ಏಯ್, ಎಷ್ಟು ಬಿಟ್ಟೆಯೇ?"

"ಒಂಬತ್ತು!"

"ಒಂಬತ್ತು," ಎಂದು ಅವನಿಗೆ ಹೇಳಿದೆ, ಮೊದಲೇ ಗೊತ್ತಿದ್ದವನ ಹಾಗೆ.